ಸಹಿ ಬಾರದ ರೈತನ ವಂಶವೃಕ್ಷ

ಋಷಿಮೂಲ, ನದೀಮೂಲ ಹುಡುಕಬಾರದು ಎಂದರು ನಮ್ಮ ಹಿರಿಯರು. ರೈತಮೂಲದ ಮಾತನ್ನು ಅವರು ಎತ್ತಲಿಲ್ಲ. ರಾಜನಿಗೆ ಶಾಸನಗಳುಂಟು, ಸಾಮಂತನಿಗೆ ವಂಶಾವಳಿಯುಂಟು. ಓದುಬರಹ ಬಾರದ ಒಕ್ಕಲಿನವನಿಗೆ ಏನುಂಟು? ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತದ ಒಂದು ರೈತ ಕುಟುಂಬದ ಕಾಗದಪತ್ರಗಳು ಈ ಪ್ರಶ್ನೆಗೆ ಉತ್ತರ ಕೊಡುತ್ತವೆ. ಅದು ವಿಜ್ಞಾನಿ ಐಸಾಕ್ ನ್ಯೂಟನ್‌ನ ಕುಟುಂಬ.

ಈ ಮನೆತನದ ಜಾಡು ಸಿಗುವುದು ತೆರಿಗೆ ಪಟ್ಟಿಯಲ್ಲಿ. 1524ರಲ್ಲಿ ವೆಸ್ಟ್‌ಬಿ ಎಂಬ ಹಳ್ಳಿಯ ಸೈಮನ್ ನ್ಯೂಟನ್ ರಾಜನಿಗೆ ನಾಲ್ಕು ಪೆನ್ಸ್ ತೆರಿಗೆ ಕಟ್ಟಿದ. ಅದು ಅತ್ಯಂತ ಕೆಳಗಿನ ದರ. ಆದರೆ ಅಷ್ಟನ್ನೂ ಕಟ್ಟಲಾಗದವರ ಹೆಸರು ಪಟ್ಟಿಗೆ ಸೇರಲೇ ಇಲ್ಲ. ಮುಂದಿನ ತಲೆಮಾರುಗಳು ಉಯಿಲುಗಳಲ್ಲಿ ಕಾಣುತ್ತವೆ. ಮೊದಲು ‘ಹಸ್ಬಂಡ್‌ಮನ್’, ಅಂದರೆ ಸಾಧಾರಣ ಬೇಸಾಯಗಾರ ಎನಿಸಿಕೊಂಡವರು ಕ್ರಮೇಣ ‘ಯೋಮನ್’, ಅಂದರೆ ಅನುಕೂಲಸ್ಥ ರೈತರಾದರು. ವಿಜ್ಞಾನಿಯ ಅಜ್ಜ ರಾಬರ್ಟ್ 1623ರಲ್ಲಿ ವೂಲ್ಸ್‌ತಾರ್ಪ್‌ನ ಜಹಗೀರನ್ನೇ ಕೊಂಡ.

ರಾಬರ್ಟನ ಮಗನ ಹೆಸರೂ ಐಸಾಕ್. 1642ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಈತ ತನ್ನ ಉಯಿಲಿಗೆ ಸಹಿ ಹಾಕಲಿಲ್ಲ, ಗುರುತು ಹಾಕಿದ. ಬರೆಯಲು ಬರುತ್ತಿರಲಿಲ್ಲ. ಆದರೂ ಅವನ ಬದುಕು ಕಾಗದದಲ್ಲಿ ಉಳಿದಿದೆ. ಸತ್ತವನ ಚರಾಸ್ತಿಯನ್ನು ಪಟ್ಟಿ ಮಾಡಿ ಬೆಲೆ ಕಟ್ಟುವುದು ಅಂದಿನ ರೂಢಿ. ಹೀಗಾಗಿ ಅವನಿಗೆ 234 ಕುರಿ, 46 ದನಗಳಿದ್ದವೆಂದು ನಮಗೆ ತಿಳಿದಿದೆ. ಮೂರು ತಿಂಗಳ ನಂತರ ಮಗ ಹುಟ್ಟಿದ.

ಇಲ್ಲಿ ಚರ್ಚಿನ ದಾಖಲೆ ನೆರವಿಗೆ ಬರುತ್ತದೆ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಪ್ರತಿ ಪ್ಯಾರಿಷ್‌ನ ಪಾದ್ರಿಯೂ ನಾಮಕರಣ, ಮದುವೆ, ಸಮಾಧಿಗಳನ್ನು ಬರೆದಿಡಬೇಕೆಂದು ಆಜ್ಞಾಪಿಸಿದ್ದ. ಆದರೆ ಓದುವವರು ಎಚ್ಚರದಿಂದಿರಬೇಕು. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ರಂದು. ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25. ನಾಮಕರಣವಾದದ್ದು ಜನವರಿ 1, ಅದೂ ಆ ಲೆಕ್ಕದಲ್ಲಿ 1642! ಕ್ರಮ ಅರಿಯದವನಿಗೆ ಮಗು ಹುಟ್ಟುವ ಮೊದಲೇ ಹೆಸರಿಟ್ಟಂತೆ ಕಾಣುತ್ತದೆ.

1705ರಲ್ಲಿ ರಾಣಿ ಆನ್ ‘ಸರ್’ ಪದವಿ ಕೊಟ್ಟಾಗ ನ್ಯೂಟನ್ ಸ್ವತಃ ತನ್ನ ವಂಶವೃಕ್ಷವನ್ನು ಸಿದ್ಧಪಡಿಸಿ, ಮನೆತನದ ಲಾಂಛನಗಳ ಮೇಲ್ವಿಚಾರಣೆಯ ಸಂಸ್ಥೆಗೆ ಸಲ್ಲಿಸಿದ. ಸಹಿ ಬಾರದವನ ಮಗ ವಂಶದ ಚರಿತ್ರೆಕಾರನಾದ.

ವಂಶಾವಳಿ ಎಂಬುದು ಬರಿಯ ಪ್ರತಿಷ್ಠೆಯ ಮಾತಲ್ಲ, ಅದರ ಹಿಂದೆ ಜಮೀನಿದೆ. 1727ರಲ್ಲಿ ನ್ಯೂಟನ್ ಅವಿವಾಹಿತನಾಗಿಯೇ, ಉಯಿಲು ಬರೆಯದೆ ಸತ್ತ. ತಾಯಿಯ ಎರಡನೆಯ ಮದುವೆಯ ಮಕ್ಕಳ ಸಂತಾನಕ್ಕೆ ಹಣ, ಚರಾಸ್ತಿ ಸಿಕ್ಕಿತು. ಆದರೆ ತಂದೆಯ ಭೂಮಿ ತಂದೆಯ ರಕ್ತಸಂಬಂಧಿಗೇ ಹೋಗಬೇಕೆಂಬುದು ಕಾನೂನು. ಆದ್ದರಿಂದ ವೂಲ್ಸ್‌ತಾರ್ಪ್‌ನ ಹೊಲಮನೆ ಪಡೆದವನು ದೂರದ ದಾಯಾದಿ. ಯಾರಿಗೆ ಯಾರು ಏನಾಗಬೇಕು ಎಂಬ ಲೆಕ್ಕ ಒಂದು ಆಸ್ತಿಯ ಹಣೆಬರಹವನ್ನೇ ನಿರ್ಧರಿಸಿತು.

ಒಂದು ವಿಷಯ ಗಮನಾರ್ಹ. ಈ ದಾಖಲೆಗಳಲ್ಲಿ ಯಾವುದೂ ರೈತ ಕೈಯಾರೆ ಬರೆದದ್ದಲ್ಲ. ತೆರಿಗೆಯವನು, ಪಾದ್ರಿ, ಉಯಿಲು ಬರೆದುಕೊಟ್ಟವನು ತಂತಮ್ಮ ಕೆಲಸಕ್ಕಾಗಿ ಬರೆದದ್ದು. ಇದ್ದವನ ಕುರಿಗಳಿಗೂ ಲೆಕ್ಕವಿತ್ತು. ಅವುಗಳನ್ನು ಕಾಯ್ದವನಿಗೆ ಹೆಚ್ಚೆಂದರೆ ಚರ್ಚಿನ ಪುಸ್ತಕದಲ್ಲಿ ಮೂರು ಸಾಲು. ಇಂಗ್ಲೆಂಡಿನಲ್ಲಿ ಸರ್ಕಾರಿ ಜನನ ಮರಣ ನೋಂದಣಿ ಆರಂಭವಾದದ್ದು 1837ರಲ್ಲಿ. ಮನೆಮನೆಯ ಹೆಸರು ಬರೆದ ಜನಗಣತಿ 1841ರಲ್ಲಿ. ಕೂಲಿಯವನೂ ಅವನ ಹೆಂಡತಿಯೂ ಉಳ್ಳವರೊಡನೆ ಒಂದೇ ಪಟ್ಟಿಯಲ್ಲಿ ಹೆಸರು ಪಡೆಯಲು, ಸೈಮನ್ ನಾಲ್ಕು ಪೆನ್ಸ್ ಕಟ್ಟಿದ ಮೇಲೆ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಯಬೇಕಾಯಿತು.