ಕುಂದಗೋಳ ವಿಧಾನಸಭಾ ಉಪಚುನಾವಣೆ, 2019
ಧಾರವಾಡ ಜಿಲ್ಲೆಯ ಕುಂದಗೋಳ ಕ್ಷೇತ್ರಕ್ಕೆ 2019ರ ಮೇ 19ರಂದು ನಡೆದ ಉಪಚುನಾವಣೆ. ಕಾಂಗ್ರೆಸ್ ಶಾಸಕ, ಎಚ್.ಡಿ. ಕುಮಾರಸ್ವಾಮಿ ನೇತೃತ್ವದ ಮೈತ್ರಿ ಸರ್ಕಾರದಲ್ಲಿ ಪೌರಾಡಳಿತ ಸಚಿವರಾಗಿದ್ದ ಸಿ.ಎಸ್. ಶಿವಳ್ಳಿ ಅದೇ ವರ್ಷದ ಮಾರ್ಚ್ 22ರಂದು ಹಠಾತ್ತನೆ ನಿಧನರಾದದ್ದರಿಂದ ಸ್ಥಾನ ತೆರವಾಗಿತ್ತು. ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಮಿನಂತೆ ಇಂಥ ತೆರವನ್ನು ಸಾಮಾನ್ಯವಾಗಿ ಆರು ತಿಂಗಳೊಳಗೆ ತುಂಬಬೇಕು. ಇಲ್ಲಿ ಎರಡು ತಿಂಗಳೂ ಹಿಡಿಯಲಿಲ್ಲ.

ಕಾಂಗ್ರೆಸ್ ಶಿವಳ್ಳಿಯವರ ಪತ್ನಿ ಕುಸುಮಾವತಿ ಅವರನ್ನು ನಿಲ್ಲಿಸಿತು, ಜೆಡಿಎಸ್ ಬೆಂಬಲಿಸಿತು. ಬಿಜೆಪಿಯಿಂದ ಮತ್ತೆ ಎಸ್.ಐ. ಚಿಕ್ಕನಗೌಡರ. 2018ರಲ್ಲಿ ಅವರು ಶಿವಳ್ಳಿಯವರ ಎದುರು ಬರೀ 634 ಮತಗಳಿಂದ ಸೋತಿದ್ದರು. ಮೈತ್ರಿ ಸರ್ಕಾರದ ಬಹುಮತ ತೆಳುವಾಗಿದ್ದ ಕಾಲವಾದ್ದರಿಂದ ಒಂದೊಂದು ಸ್ಥಾನಕ್ಕೂ ತೂಕವಿತ್ತು. ಕಾಂಗ್ರೆಸ್ ಪ್ರಚಾರದ ಹೊಣೆ ಹೊತ್ತ ಸಚಿವ ಡಿ.ಕೆ. ಶಿವಕುಮಾರ್ ಕ್ಷೇತ್ರದಲ್ಲೇ ಬೀಡುಬಿಟ್ಟರು.

ಮೇ 23ರಂದು ಎಣಿಕೆ. ಅಂದೇ ಹೊರಬಿದ್ದ ಲೋಕಸಭಾ ಫಲಿತಾಂಶದಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 25 ಬಿಜೆಪಿ ಪಾಲಾದವು. ಕುಂದಗೋಳವನ್ನು ಒಳಗೊಂಡ ಧಾರವಾಡವೂ ಅದರಲ್ಲಿ ಸೇರಿತ್ತು. ಅಂಥ ಅಲೆಯ ನಡುವೆಯೂ ಕುಸುಮಾವತಿ 1,601 ಮತಗಳಿಂದ ಗೆದ್ದದ್ದೇ ಈ ಚುನಾವಣೆಯ ವಿಶೇಷ. ಅನುಕಂಪದ ಗೆಲುವು ಎಂದು ಸುಲಭವಾಗಿ ಹೇಳಿಬಿಡಬಹುದು, ಆದರೆ ಅಂತರ ನೋಡಿದರೆ ಅನುಕಂಪವೂ ಅಂಚಿನಲ್ಲೇ ನಿಂತಿತ್ತು. ಜತೆಗೇ ಉಪಚುನಾವಣೆ ಕಂಡ ಚಿಂಚೋಳಿ ಬಿಜೆಪಿಗೆ ಒಲಿಯಿತು; ಅಲ್ಲಿ ತೆರವಿಗೆ ಕಾರಣ ರಾಜೀನಾಮೆ. ಮೈತ್ರಿ ಸರ್ಕಾರ ಜುಲೈನಲ್ಲಿ ಉರುಳಿತು. 2023ರಲ್ಲಿ ಕುಸುಮಾವತಿ ಬಿಜೆಪಿಯ ಎಂ.ಆರ್. ಪಾಟೀಲ ಅವರೆದುರು ಸೋತರು.