ಸೊಲ್ಲಾಪುರದ 1930: ಬೀದಿಯ ಚಳವಳಿಯೂ ನಗರದ ಬಾಳೂ

ದೀರ್ಘಕಾಲದ ಬೀದಿ ಚಳವಳಿಯಿಂದ ನಗರಕ್ಕೆ ಹಿತವೋ ಅಹಿತವೋ ಎಂಬುದು ನಮ್ಮ ಶಾಲೆಗಳ ಚರ್ಚಾಕೂಟಗಳಲ್ಲಿ ಆಗಾಗ ಬರುವ ವಿಷಯ. ಒಂದು ಪಕ್ಷದವರು ಸ್ವಾತಂತ್ರ್ಯವನ್ನು ಹೊಗಳುವರು, ಇನ್ನೊಂದು ಪಕ್ಷದವರು ಮುಚ್ಚಿದ ಅಂಗಡಿಗಳನ್ನು ಎಣಿಸುವರು, ಗಂಟೆ ಬಾರಿಸುತ್ತದೆ. ಯಾವ ನಗರ, ಯಾವ ವರ್ಷ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಗಡಿಭಾಗದ ನಮಗಾದರೋ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಸಿದ್ಧರಾಮನ ಸೊನ್ನಲಿಗೆಯೇ, ಅಂದರೆ ಸೊಲ್ಲಾಪುರವೇ ಇದೆ.

1930ರಲ್ಲಿ ಸೊಲ್ಲಾಪುರವು ಲಕ್ಷಕ್ಕೆ ಮೀರಿದ ಜನಸಂಖ್ಯೆಯ ಗಿರಣಿಯ ಊರು. ಹಿಂದಿನ ಶತಮಾನದ ಎಂಟನೆಯ ದಶಕದಲ್ಲಿ ಹುಟ್ಟಿದ, ಜನರು ‘ಜುನೀ ಮಿಲ್’ ಎಂದು ಕರೆಯುತ್ತಿದ್ದ ಗಿರಣಿಯಿಂದ ಮೊದಲ್ಗೊಂಡು ನರಸಿಂಗ ಗಿರಜಿ, ಲಕ್ಷ್ಮೀ, ವಿಷ್ಣು ಗಿರಣಿಗಳವರೆಗೆ ಊರಿನ ಹೊಟ್ಟೆಪಾಡು ನೂಲಿನ ಮೇಲೆ ನಿಂತಿದ್ದಿತು. ಕನ್ನಡ, ಮರಾಠಿ, ತೆಲುಗು, ಉರ್ದು ಈ ನಾಲ್ಕೂ ಮಾತುಗಳು ಒಂದೇ ಪೇಠೆಯಲ್ಲಿ ಕೇಳಿಬರುತ್ತಿದ್ದವು. ಗಿರಣಿಯ ಭೋಂಗಾ ಕೂಗಿದರೆ ಏಳುವ, ಅದು ಕೂಗದಿದ್ದರೆ ಉಪವಾಸ ಬೀಳುವ ಊರು ಅದು. ಇಂಥ ಊರಿನಲ್ಲಿ ಹರತಾಳವೆಂದರೆ ಬರಿಯ ಘೋಷಣೆಯಲ್ಲ. ಆ ದಿನದ ರೊಟ್ಟಿಯನ್ನು ಪಣಕ್ಕೆ ಒಡ್ಡಿದಂತೆ.

ಆ ವರ್ಷದ ಏಪ್ರಿಲ್ 6ರಂದು, ಗಾಂಧೀಜಿಯವರು ದಾಂಡಿಯಲ್ಲಿ ಉಪ್ಪು ಎತ್ತಿದ ದಿನವೇ, ಸೊಲ್ಲಾಪುರದ ಮ್ಯುನಿಸಿಪಾಲಿಟಿಯ ಕಟ್ಟಡದ ಮೇಲೆ ತ್ರಿವರ್ಣ ಧ್ವಜವು ಏರಿತು. ಮೇ 5ರಂದು ಗಾಂಧೀಜಿಯವರ ಬಂಧನವಾಯಿತು. ಸುದ್ದಿ ಮುಟ್ಟಿದೊಡನೆ ಅಂಗಡಿಗಳು ಮುಚ್ಚಿದವು, 7ರಿಂದ ಗಿರಣಿಗಳೂ ನಿಂತವು. ಮೆರವಣಿಗೆಗಳಿಗೆ ಹೊತ್ತುಗೊತ್ತು ಇರಲಿಲ್ಲ. ಮೇ 8ರಂದು ಊರ ಹೊರಗೆ ರೂಪಾಭವಾನಿಯ ಕಡೆ ಜನರು ಶಿಂದಿಯ ಗಿಡಗಳನ್ನು ಕಡಿಯತೊಡಗಿದಾಗ ಪೋಲೀಸರು ಕೆಲವರನ್ನು ಹಿಡಿದರು, ಜನರು ಅವರನ್ನು ಬಿಡೆಂದರು, ಗುಂಡು ಹಾರಿತು. ಶಂಕರ ಶಿವದಾರೆ ಎಂಬ ತರುಣನು ಬಿದ್ದನು. ಆಮೇಲೆ ನಡೆದುದನ್ನು ಮರೆಮಾಚುವುದು ಇತಿಹಾಸಕಾರನಿಗೆ ತಕ್ಕುದಲ್ಲ. ರೊಚ್ಚಿಗೆದ್ದ ಗುಂಪು ಮಂಗಳವಾರ ಪೇಠೆಯ ಪೋಲೀಸು ಚೌಕಿಗೆ ನುಗ್ಗಿತು, ನ್ಯಾಯಾಲಯದ ಕಟ್ಟಡಕ್ಕೆ ಬೆಂಕಿ ಬಿದ್ದಿತು, ಇಬ್ಬರು ಪೋಲೀಸರು ಸತ್ತರು. ಅವರೂ ಯಾರದೋ ಮನೆಯ ಅನ್ನ ಗಳಿಸುವವರೇ. ಗುಂಡಿಗೆ ಸತ್ತ ನಾಗರಿಕರೆಷ್ಟು ಎಂಬಲ್ಲಿ ಸರಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಿಲ್ಲ.

ಮುಂದಿನ ಮೂರು ದಿನಗಳೇ ನಮ್ಮ ಚರ್ಚೆಯ ತಿರುಳು. ಮೇ 9, 10, 11ರಂದು ಪೋಲೀಸರು ಊರ ಒಳಗೆ ಇರಲಿಲ್ಲ. ಕಾಂಗ್ರೆಸ್ಸಿನ ಸ್ವಯಂಸೇವಕರು ಬೀದಿಗಳಲ್ಲಿ ನಿಂತು ಗಾಡಿ ಕುದುರೆಗಳ ಸಂಚಾರವನ್ನು ನಡೆಸಿದರು. ಅಂದಿನ ಅಧಿಕಾರಿಗಳು ಇದನ್ನು ಗುಂಪಿನ ಆಳ್ವಿಕೆ ಎಂದು ಬರೆದರು. ಸೊಲ್ಲಾಪುರದವರು ಭಾರತಕ್ಕಿಂತ ಹದಿನೇಳು ವರ್ಷ ಮೊದಲೇ ನಾವು ಸ್ವತಂತ್ರರಾಗಿದ್ದೆವು ಎನ್ನುತ್ತಾರೆ. ಒಂದೇ ಮೂರು ದಿನಗಳಿಗೆ ಎರಡು ಹೆಸರು! ನಮಗೆ ಎರಡನೆಯದೇ ಹತ್ತಿರ ಎನಿಸುತ್ತದೆ, ಆದರೆ ಅಭಿಮಾನದಿಂದಲ್ಲ. ಕೋಪದ ಗುಂಪು 8ರಂದು ಮಾಡಿದ್ದು ಒಂದು. ಅದೇ ಊರು 9ರಿಂದ ತನ್ನನ್ನು ತಾನು ಹಿಡಿದುಕೊಂಡು ನಡೆದದ್ದು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ‘ಗಲಭೆ’ ಎಂಬ ಚೀಟಿ ಅಂಟಿಸಿದುದು ಆಳುವವರಿಗೆ ಅನುಕೂಲವಾಗಿದ್ದಿತು, ಅಷ್ಟೇ.

12ರಂದು ಲಷ್ಕರಿ ಕಾಯಿದೆ ಜಾರಿಗೆ ಬಂದಿತು. (16 ಎಂದು ಹೇಳುವ ಪುಸ್ತಕಗಳೂ ಉಂಟು, ವೈಸರಾಯರ ಆರ್ಡಿನನ್ಸು ಕೆಲವು ದಿನ ತಡೆದು ಬಂದುದೇ ಈ ಗೊಂದಲಕ್ಕೆ ಕಾರಣವಿರಬೇಕು.) ಅದು ಜೂನ್ ಕೊನೆಯವರೆಗೆ, ಏಳು ವಾರ, ನಡೆಯಿತು. ಗಾಂಧಿ ಟೋಪಿ ತೊಡುವುದೂ ಧ್ವಜ ಹಿಡಿಯುವುದೂ ಅಪರಾಧವಾದವು. ಕಾಂಗ್ರೆಸ್ಸಿನ ರಾಮಕೃಷ್ಣ ಜಾಜೂ ಅವರಿಗೂ ‘ಕರ್ಮಯೋಗಿ’ ಪತ್ರಿಕೆಯ ಸಂಪಾದಕರಿಗೂ ಸೆರೆಮನೆಯಾಯಿತು. ಊರಿನ ಬಾಳು ಮುರಿಯಿತು ಎನ್ನುವ ಪಕ್ಷದವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಜನರು ಬೀದಿಯಲ್ಲಿದ್ದದ್ದು ವಾರಕ್ಕೂ ಕಡಮೆ, ಸೈನ್ಯವಿದ್ದದ್ದು ಏಳು ವಾರ. ಪೇಟೆ ತಣ್ಣಗಾದುದಕ್ಕೆ, ನೇಕಾರನ ಮನೆಯಲ್ಲಿ ಸಾಲ ಬೆಳೆದುದಕ್ಕೆ ಯಾವುದನ್ನು ಎಷ್ಟು ಹೊಣೆ ಮಾಡಬೇಕು? ಚಳವಳಿಯ ನಷ್ಟ ಎಂದು ಬರೆಯುವ ಲೆಕ್ಕದಲ್ಲಿ ದಮನದ ನಷ್ಟವೂ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಹಾಗೆಂದು ಕೂಲಿ ಹೋದ ಕುಟುಂಬದ ಕಷ್ಟವನ್ನು ಅಲ್ಲಗಳೆಯಲಾಗದು. ಧ್ವಜಕ್ಕೆ ಜಯಕಾರ ಹಾಕಿದವರೆಲ್ಲರ ಮನೆಯಲ್ಲೂ ಜೋಳದ ಚೀಲ ತುಂಬಿರಲಿಲ್ಲ.

ಪೋಲೀಸರ ಕೊಲೆಯ ಮೊಕದ್ದಮೆಯಲ್ಲಿ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಶನ್ ಸಾರಡಾ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ ಈ ನಾಲ್ವರಿಗೆ ಮರಣದಂಡನೆಯಾಯಿತು. 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಮಲ್ಲಪ್ಪನವರು 8ರಂದು ಗುಂಪನ್ನು ಶಾಂತಗೊಳಿಸಲು ಹೆಣಗಿದವರೆಂದು ನಗರದಲ್ಲಿ ಇಂದಿಗೂ ಹೇಳುತ್ತಾರೆ. ನಾಲ್ವರ ಹೆಸರುಗಳನ್ನು ಒಟ್ಟಿಗೆ ಓದಿದರೆ ಊರಿನ ಪೇಠೆಗಳನ್ನೇ ಸುತ್ತಿಬಂದಂತಾಗುತ್ತದೆ. ಗಲ್ಲುಗಂಬವು ಊರನ್ನು ಬೆದರಿಸುವುದಕ್ಕೆ ನಿಂತಿತು. ಆದರೆ ಊರು ಈ ನಾಲ್ವರನ್ನು ಚೌಕದಲ್ಲಿ ಪ್ರತಿಮೆ ಮಾಡಿ ನಿಲ್ಲಿಸಿಕೊಂಡಿತು.

ಲಷ್ಕರಿ ಕಾಯಿದೆಯಂತೆ ಕೊಟ್ಟ ಶಿಕ್ಷೆಗಳು ಸಿಂಧುವೇ ಎಂಬ ಪ್ರಶ್ನೆ ಮುಂಬಯಿ ಹೈಕೋರ್ಟಿಗೂ ಹೋಯಿತು. ಆ ಮೊಕದ್ದಮೆ ಕಾನೂನು ಗ್ರಂಥಗಳಲ್ಲಿ ‘ಚನ್ನಪ್ಪ ಶಾಂತಿರಪ್ಪ ವಿರುದ್ಧ ಚಕ್ರವರ್ತಿ’ ಎಂದು ನಿಂತಿದೆ. ಚನ್ನಪ್ಪ! ಹೆಸರೇ ಕನ್ನಡ ಮನೆಯದು. ಹೀಗಿದ್ದೂ ನಮ್ಮ ಕನ್ನಡ ಪುಸ್ತಕಗಳಲ್ಲಿ ಅಂಕೋಲೆಯ ಉಪ್ಪಿನ ಸತ್ಯಾಗ್ರಹವುಂಟು, 1938ರ ವಿದುರಾಶ್ವತ್ಥವುಂಟು, 1942ರಲ್ಲಿ ತಾನು ಸ್ವತಂತ್ರವೆಂದು ಸಾರಿ ಐವರನ್ನು ಗಲ್ಲಿಗೆ ಕೊಟ್ಟ ಈಸೂರುಂಟು; ಅದಕ್ಕೆ ಹನ್ನೆರಡು ವರ್ಷ ಮೊದಲು ಅದೇ ದಾರಿಯನ್ನು ನಡೆದ ಸೊಲ್ಲಾಪುರಕ್ಕೆ ಹೆಚ್ಚೆಂದರೆ ಒಂದು ಸಾಲು. ರಾಜ್ಯದ ಗೆರೆ ಎಳೆದವರು 1956ರಲ್ಲಿ ಎಳೆದರು. 1930ಕ್ಕೆ ಆ ಗೆರೆಯನ್ನು ಹಿಂದಕ್ಕೆ ಎಳೆದವರು ನಾವು, ಪಾಠ ಬರೆಯುವವರು.

ಹಳೆಯ ಗಿರಣಿಗಳು ಒಂದೊಂದಾಗಿ ಮುಚ್ಚಿಹೋದವು. ಸೊಲ್ಲಾಪುರದ ಚಾದರವೂ ಟಾವೆಲೂ ಈಗ ವಿದ್ಯುನ್ಮಗ್ಗಗಳಿಂದ ಬರುತ್ತವೆ. ಆ ಮೇ ತಿಂಗಳಲ್ಲಿ ಮುಚ್ಚಿದ ಗಿರಣಿಯ ಕಾರಣ ಎಷ್ಟು ವಾರದ ಪಗಾರ ಹೋಯಿತು, ಕಿರಾಣಿಯವನು ಉದ್ದರಿ ಕೊಟ್ಟನೋ ಇಲ್ಲವೋ, ಹೆಂಗಸರು ಏನನ್ನು ಒತ್ತೆಯಿಟ್ಟರು ಎಂಬುದನ್ನು ಕೇಳಬೇಕಾದದ್ದು ಮೊಮ್ಮಕ್ಕಳ, ಮರಿಮಕ್ಕಳ ಮನೆಗಳಲ್ಲಿ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತಗಳಲ್ಲಿ ಪಾಠ ಹೇಳುವ ಅಧ್ಯಾಪಕ ಬಂಧುಗಳು ತಮ್ಮ ಒಂಬತ್ತನೆಯ ತರಗತಿಯ ಮಕ್ಕಳ ಕೈಗೆ ಈ ಮೂರು ಪ್ರಶ್ನೆಗಳನ್ನು ಕೊಟ್ಟು ಮನೆಗೆ ಕಳುಹಿಸಲಿ. ಬಂದ ಉತ್ತರಗಳನ್ನು, ಮಕ್ಕಳು ಬರೆದ ಮಾತಿನಲ್ಲಿಯೇ, ತಿದ್ದದೆ ಕೂಡಿಡಲಿ.