ಒಳಪೆಡಲ್‌ನಿಂದ ಟೇಪಿನವರೆಗೆ

ಬಾರಿನ ಕೆಳಗೆ ಕಾಲು ತೂರಿಸಿ ದೊಡ್ಡ ಸೈಕಲ್ ತುಳಿಯೋದಕ್ಕೆ ನಾಗಪುರದಲ್ಲಿ 'ಕೈಂಚಿ' ಅಂತಾರೆ. ನಮ್ಮೂರಲ್ಲಿ ಅದೇ ಒಳಪೆಡಲ್! ಎರಡರ ಕಥೆಯೂ ಒಂದೇ. ಸೈಕಲ್ ನಮಗೆ ಹೊಂದುತ್ತಿರಲಿಲ್ಲ, ನಾವೇ ಅದಕ್ಕೆ ಹೊಂದಿಕೊಳ್ಳುತ್ತಿದ್ದೆವು.

ತಮಾಷೆ ಅಂದ್ರೆ ಮೊದಲು ಹೀಗಿರಲಿಲ್ಲ. 1870ರ ದಶಕದ ಎತ್ತರದ ಸೈಕಲ್ಲಿಗೆ ಪೆಡಲ್ ಇದ್ದದ್ದು ಮುಂದಿನ ಚಕ್ರಕ್ಕೇ. ಹಾಗಾಗಿ ಸವಾರನ ಕಾಲಿನ ಉದ್ದ ನೋಡಿಯೇ ಚಕ್ರ ಆರಿಸಬೇಕಿತ್ತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ 'ರೋವರ್' ತಂದ. ಚೈನು ಹಿಂದಿನ ಚಕ್ರಕ್ಕೆ ಹೋಯಿತು, ಚಕ್ರಕ್ಕೂ ಕಾಲಿಗೂ ಇದ್ದ ನಂಟು ತಪ್ಪಿತು. ನಮ್ಮಲ್ಲಿ 1951ರಲ್ಲಿ ಅಟ್ಲಾಸ್, 1956ರಲ್ಲಿ ಹೀರೋ ಶುರುವಾದವು. ಕರಿ ಸೈಕಲ್ ಸಾಮಾನ್ಯವಾಗಿ 22 ಇಲ್ಲವೇ 24 ಇಂಚು. ಹಾಲಿನ ಕ್ಯಾನು, ಮೂಟೆ ಹೊರಲು ಗಟ್ಟಿ. ಆಳು ಕುಳ್ಳನೋ ಉದ್ದನೋ, ಕೇಳುವವರಾರು?

1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಒಂದು ಲೆಕ್ಕ ಕೊಟ್ಟರು. ತೊಡೆಸಂದಿನಿಂದ ನೆಲಕ್ಕೆ ಎಷ್ಟಿದೆಯೋ ಅದರ ಶೇ. 109ರಷ್ಟು, ಕೆಳಗಿರುವ ಪೆಡಲಿನಿಂದ ಸೀಟಿಗೆ ಇರಬೇಕು. 80 ಸೆಂ.ಮೀ. ಇದ್ದರೆ 87.2. ಅದು ಬಲದ ಲೆಕ್ಕ. ದೂರದ ಸವಾರಿಗೆ ಈಗ ಮಂಡಿಯನ್ನೇ ನೋಡುತ್ತಾರೆ: ಪೆಡಲ್ ಕೆಳಗಿದ್ದಾಗ ಬಾಗು 25ರಿಂದ 35 ಡಿಗ್ರಿ. ಸೀಟು ತಗ್ಗಾದರೆ ಮಂಡಿಯ ಮುಂಭಾಗಕ್ಕೆ ಒತ್ತಡ.

ಇದೇ ನಾಗಪುರದ ಡಾ. ಅಮಿತ್ ಸಮರ್ಥ್ 2017ರಲ್ಲಿ ಅಮೆರಿಕವನ್ನು ಅಡ್ಡಡ್ಡ ದಾಟುವ ಸುಮಾರು 4,800 ಕಿ.ಮೀ. ರೇಸನ್ನು 12 ದಿನದೊಳಗೆ ಒಬ್ಬರೇ ಮುಗಿಸಿದರು. ನಮ್ಮದು ಊರಾಚೆಗಿನ ಮೂವತ್ತು ಕಿ.ಮೀ. ಇರಬಹುದು, ಮಂಡಿ ಮಾತ್ರ ನಮ್ಮದೇ ಅಲ್ವಾ? ನೋವು ಅಂತ ಸೈಕಲ್ ಮಾರುವ ಮುಂಚೆ ಒಮ್ಮೆ ಟೇಪು ಹಿಡಿದು ಅಳೆದು ನೋಡಿ...